ಜೇಬಿನಲ್ಲಿ ಪೆನ್ನಿದ್ದ ಕೋಟು

ಒಲಾಯಾ, ರಿಯಾದ್
೧೧ ಸೆಪ್ಟೆಂಬರ್ ೨೦೨೫, ಗುರುವಾರ
ಧ್ವನಿ ಸಂದೇಶ

ಸಾಹೇಬ್ರೆ, ದೇಜಪ್ಪ ಮಾತಾಡುದು. ಆಫೀಸಿನ ಕೆಳಗೆ ಕಾರಲ್ಲಿ ಕೂತಿದ್ದೇನೆ, ಎಸಿ ಹಾಕಿ. ಮೇಲೆ ಮಾತಾಡಿದ್ರೆ ಬತೂಲ್‌ಗೆ ಕೇಳ್ತದೆ. ಆಪರೇಷನ್ ಆದ ಮೇಲೆ ಫೋನಲ್ಲಿ ವ್ಯವಹಾರ ಮಾತಾಡ್ಬಾರ್ದು ಅಂತ ಡಾಕ್ಟ್ರು ಹೇಳಿದ್ದಾರಲ್ಲ, ಹಾಗಾಗಿ ನಾನು ಹೀಗೆ ಹೇಳಿ ಕಳಿಸುದು, ಅಸರ್ ನಮಾಜ್ ಮುಗಿದ ಮೇಲೆ ಜೈನಬಕ್ಕ ನಿಮಗೆ ಹಾಕಿ ಕೇಳಿಸುದು, ನೀವು ಒಂದು ಬೆರಳಲ್ಲಿ ಉತ್ತರ ಕುಟ್ಟುದು. ಮಗಳು ಬತೂಲ್ ಎಲ್ಲದಕ್ಕೂ 'ಸರಿ ಉಂಟು ಅಬ್ಬಾ' ಅಂತಾಳೆ, ನೀನು ಸತ್ಯ ಹೇಳು ಅಂತ ನೀವು ಅಪ್ಪಣೆ ಕೊಟ್ಟಿದ್ದೀರಿ. ಸತ್ಯ ಹೇಳ್ಲಿಕ್ಕೆ ನಂಗೆ ಸ್ವಲ್ಪ ಜಾಸ್ತಿ ಮಾತು ಬೇಕಾಗ್ತದೆ, ಅದು ನಿಮಗೆ ಗೊತ್ತುಂಟು.

ಇವತ್ತು ಲಾಂಡ್ರಿಗೆ ಹೋದದ್ದು. ನಾವು ಊರಿಂದ ಆಳು ಕಳಿಸುವ ದೊಡ್ಡ ಲಾಂಡ್ರಿ, ಆಸ್ಪತ್ರೆ ಹೋಟೆಲುಗಳ ಚಾದರ ಎಲ್ಲ ಬಂದು ಬೀಳ್ತದಲ್ಲ, ಅದೇ. ಈಗ ಅಲ್ಲಿ ಆಳು ತಗೊಳ್ಳುವ ಕೆಲಸ ಪೂರ್ತಿ ಮಗ ತಮೀಮ್ ನೋಡುದು. ಅವರ ತಂದೆ ಬರುದೇ ಇಲ್ಲ. ತಂದೆಯ ಹತ್ರ ನೀವು ಹೋಗ್ತಿದ್ದಾಗ ಮೊದ್ಲು ಮೂರು ಸಲ ಕಾಫಿ, ಮನೆಯವರ ಕ್ಷೇಮ, ನಿಮ್ಮ ಭಟ್ಕಳ ಹಲ್ವದ ಡಬ್ಬ, ಮತ್ತೆ ಎದ್ದು ಹೊರಡುವಾಗ ಬಾಗಿಲ ಹತ್ರ ನಿಂತು 'ಎಷ್ಟು ಜನ ಬೇಕು' ಅಂತ ಒಂದು ಮಾತು. ಆ ಕಾಲ ಹೋಯ್ತು ಸಾಹೇಬ್ರೆ. ಈ ಮನುಷ್ಯ ನಾವು ಕೂರುವ ಮೊದ್ಲೇ ನಾವು ಕಳಿಸಿದ ಹದಿನೈದು ಬಯೋಡಾಟವನ್ನು ಮೇಜಿನ ಮೇಲೆ ಇಸ್ಪೀಟ್ ಎಲೆ ಹಾಗೆ ಹರಡಿದರು.

"ಇದನ್ನು ಸ್ವಲ್ಪ ನೋಡಿ," ಅಂದ್ರು. ನೋಡಿದೆ. ಹದಿನೈದು ಮುಖ. ಹದಿನೈದು ಮುಖದ ಕೆಳಗೂ ಒಂದೇ ಕಪ್ಪು ಕೋಟು, ಒಂದೇ ಕೆಂಪು ಟೈ, ಎಡ ಜೇಬಲ್ಲಿ ಒಂದೇ ಪೆನ್ನು. ನಮ್ಮ ಗುಲಾಮ್ ಮುಹಮ್ಮದ್ ಸ್ಟುಡಿಯೋದವ ಕಂಪ್ಯೂಟರಲ್ಲಿ ಎಲ್ಲರ ಕುತ್ತಿಗೆ ಕೆಳಗೆ ಅಂಟಿಸ್ತಾನಲ್ಲ, ಅದೇ ಕೋಟು. ಒಬ್ಬನಿಗಂತೂ ಕುತ್ತಿಗೆಗಿಂತ ಕಾಲರೇ ದೊಡ್ಡದು.

"ಈ ಪೆನ್ನು ಯಾರದ್ದು?" ಅಂತ ತಮೀಮ್ ಕೇಳಿದರು. ನಗ್ಲಿಲ್ಲ.

ನಾನು ಎಂತ ಹೇಳುದು. ಕಂಪನಿ ಯೂನಿಫಾರ್ಮ್, ಟ್ರೈನಿಂಗ್ ಸೆಂಟರ್, ಹೀಗೆಲ್ಲ ಬಾಯಿಗೆ ಬರ್ತಾ ಇತ್ತು. ಬತೂಲ್ ನನಗಿಂತ ಮೊದ್ಲು ಬಾಯಿ ತೆಗೆದಳು. ಜಿದ್ದಾದ ಅರಬಿಯಲ್ಲಿ. ಅಲ್ಲಿನ ಶರಫಿಯಾದಲ್ಲಿ ಹುಟ್ಟಿ ಬೆಳೆದ ಮಗು ಅಲ್ವಾ, ಅವಳಿಗೆ ಅದು ನೀರು ಕುಡಿದ ಹಾಗೆ. "ಪೆನ್ನು ಸ್ಟುಡಿಯೋದವರದ್ದು," ಅಂದಳು. "ಕೋಟೂ ಅವರದ್ದೇ. ಇವರಲ್ಲಿ ಯಾರ ಹತ್ರವೂ ಕೋಟಿಲ್ಲ. ನಿಮ್ಮ ಇಸ್ತ್ರಿ ಹಾಲಲ್ಲಿ ಕೋಟು ಹಾಕಿ ನಿಂತ್ರೆ ಹತ್ತು ನಿಮಿಷಕ್ಕೆ ಬಿದ್ದು ಹೋಗ್ತಾರೆ. ಮುಖ ಮಾತ್ರ ಅವರದ್ದೇ, ಅದಕ್ಕೆ ನಾನು ಜವಾಬ್ದಾರಿ."

ತಮೀಮ್ ಅವಳನ್ನು ನೋಡಿದರು. ಮತ್ತೆ ಆ ದೊಡ್ಡ ಕಾಲರಿನವನ ಫೋಟೋ ನೋಡಿದರು. ಆಮೇಲೆ ನಕ್ಕರು ಮಾರಾಯ್ರೆ, ಕಣ್ಣಲ್ಲಿ ನೀರು ಬರುವಷ್ಟು. "ಜಿದ್ದಾದವಳಾ ನೀನು? ಅದಕ್ಕೇ ಇಷ್ಟು ಬಾಯಿ," ಅಂದ್ರು. ಕಾಫಿ ಆಮೇಲೆ ಬಂತು.

ವಾಪಸ್ ಬರುವಾಗ ನಾನು ಕೇಳಿದೆ, ಹಾಗೆ ಹೇಳ್ಲಿಕ್ಕೆ ನಿಂಗೆ ಹೆದರಿಕೆ ಆಗ್ಲಿಲ್ವಾ ಅಂತ. "ಆಯ್ತು ಅಂಕಲ್," ಅಂದಳು, "ಆದ್ರೆ ಅವರಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದವರ ಹತ್ರ ಎಂತ ಕಥೆ ಕಟ್ಟುದು?"

ಮಾತ್ರೆ ಬಿಡ್ಬೇಡಿ. ಜೈನಬಕ್ಕನಿಗೆ ನನ್ನ ನಮಸ್ಕಾರ.
ನಿಮ್ಮ ಹಳೇ ಬಾಲ, ದೇಜಪ್ಪ

•

ಭಟ್ಕಳ
೧೩ ಸೆಪ್ಟೆಂಬರ್ ೨೦೨೫

ಪ್ರಿಯ ದೇಜಪ್ಪ,

ಆ ಕೋಟು ಸ್ಟುಡಿಯೋದವರದ್ದಲ್ಲ. ನನ್ನದು. ಮದುವೆಯ ವರ್ಷ ಹೊಲಿಸಿದ್ದು. ಮೊದಲ ಬಾರಿ ಹುಡುಗರನ್ನು ಕಳಿಸುವಾಗ ಫೋಟೋಕ್ಕೆ ನಿಲ್ಲಲು ಯಾರಲ್ಲೂ ಒಳ್ಳೆಯ ಅಂಗಿ ಇರಲಿಲ್ಲ. ನಾನೇ ಕೋಟನ್ನು ಗುಲಾಮ್ ಮುಹಮ್ಮದನ ಅಂಗಡಿಯಲ್ಲಿ ಮೊಳೆಗೆ ನೇತುಹಾಕಿ ಬಂದೆ. ಒಬ್ಬರಾದ ಮೇಲೆ ಒಬ್ಬರು ತೊಟ್ಟು ಕುಳಿತರು. ಪೆನ್ನು ಕೂಡ ನನ್ನದೇ. ಕಂಪ್ಯೂಟರ್ ಬಂದ ಮೇಲೆ ಕೋಟು ಮನೆಗೆ ಬಂತು, ಅದರ ಚಿತ್ರ ಅಲ್ಲೇ ಉಳಿಯಿತು.

ಮನುಷ್ಯ ಜೀವನದಲ್ಲಿ ಒಂದು ಸಲ ಕೋಟು ತೊಟ್ಟರೆ ತಪ್ಪೇನು? ಆ ಫೋಟೋವನ್ನು ಅವರ ತಾಯಂದಿರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಇದನ್ನೂ ಬತೂಲ್‌ಗೆ ಹೇಳು.

ಹದಿನೈದು ಜನರನ್ನು ಬೇಗ ಕಳಿಸಿ. ಜಿದ್ದಾದ ದೊಡ್ಡ ಏಜೆನ್ಸಿಯವರು ನಮ್ಮ ಆಫೀಸನ್ನು ತಮ್ಮದಕ್ಕೆ ಸೇರಿಸಿಕೊಳ್ಳುತ್ತೇವೆಂದು ಮತ್ತೆ ಕೇಳಿದ್ದಾರೆ. ಲಾಂಡ್ರಿ ಕೈಯಲ್ಲಿರುವವರೆಗೆ ನಾನು ಅವರಿಗೆ ಉತ್ತರಿಸಬೇಕಾಗಿಲ್ಲ. ಲಾಂಡ್ರಿ ಹೋದರೆ ಆಫೀಸು ಕೊಟ್ಟುಬಿಡುತ್ತೇನೆ, ಮಗಳು ಮನೆಗೆ ಬರಲಿ.

ಸಾದುಲ್ಲಾ

•

ರಿಯಾದ್
೯ ಅಕ್ಟೋಬರ್ ೨೦೨೫, ಗುರುವಾರ
ಧ್ವನಿ ಸಂದೇಶ

ಸಾಹೇಬ್ರೆ, ಕೋಟಿನ ವಿಷಯ ಬತೂಲ್‌ಗೆ ಹೇಳಿದೆ. "ಅಬ್ಬಾ ನಂಗೆ ಹೇಳಿರ್ಲೇ ಇಲ್ಲ," ಅಂದಳು. ಮತ್ತೆ ಹದಿನೈದು ಫೋಟೋವನ್ನೂ ಒಂದೊಂದೇ ತೆಗೆದು ನೋಡಿದಳು, ಈ ಸಲ ತಮಾಷೆ ಮಾಡ್ಲಿಲ್ಲ.

ಈಗ ವಿಷಯಕ್ಕೆ ಬರ್ತೇನೆ. ಕಳೆದ ತಿಂಗಳು ನೀವು ಬೇಗ ಬೇಗ ಅಂದ್ರಿ. ಜನ ರೆಡಿ ಇದ್ದಾರೆ. ಆದ್ರೆ ಬತೂಲ್ ಎಂತ ಮಾಡಿದಳು ಗೊತ್ತುಂಟಾ? ಲಾಂಡ್ರಿಗೆ ನಾವು ಮೊದ್ಲು ಕಳಿಸಿದವರಿಗೆ ಫೋನ್ ಮಾಡ್ಲಿಕ್ಕೆ ಶುರು ಮಾಡಿದಳು. ಬಿಟ್ಟು ಹೋದವರಿಗೆ.

ನಾವು ಯಾವತ್ತಾದ್ರೂ ಮಾಡಿದ್ದುಂಟಾ ಹಾಗೆ? ಆಳು ವಿಮಾನ ಇಳಿದ, ಇಲ್ಲಿರ್ಲಿಕ್ಕೆ ಇಕಾಮಾ ಪರ್ಮಿಟ್ ಆಯ್ತು, ಗ್ಯಾರಂಟಿ ತಿಂಗಳು ಮುಗಿಯಿತು, ಮತ್ತೆ ಅವನು ಯಾರೋ ನಾವು ಯಾರೋ. ಮಿಕ್ಸಿಗೆ ಗ್ಯಾರಂಟಿ ಕೊಟ್ಟ ಹಾಗೆ. ಮುಗಿದ ಮೇಲೆ ಅಂಗಡಿಯವ ಮಿಕ್ಸಿಗೆ ಫೋನ್ ಮಾಡಿ ಹೇಗಿದ್ದೀ ಕೇಳ್ತಾನಾ?

ಅವಳು ಕೇಳಿದಳು. ಒಬ್ಬ ಈಗ ದಮ್ಮಾಮಲ್ಲಿದ್ದಾನೆ, ಒಬ್ಬ ಇಲ್ಲೇ ರಿಯಾದಲ್ಲಿ ಆಸ್ಪತ್ರೆಯ ಅಡುಗೆಮನೆಯಲ್ಲಿ, ಇಬ್ಬರು ವಾಪಸ್ ಊರಲ್ಲಿ. ಕೆಲವರು ಹೆದರಿ ಫೋನ್ ಇಟ್ಟರಂತೆ, ಏಜೆಂಟ್ ಇಷ್ಟು ದಿನ ಆದ ಮೇಲೆ ಯಾಕೆ ಫೋನ್ ಮಾಡ್ತಾನೆ ಅಂತ. ಅವಳು ಎಲ್ಲರ ಹತ್ರವೂ ಕೇಳುದು ಒಂದೇ ಪ್ರಶ್ನೆ. "ಲಾಂಡ್ರಿ ಯಾಕೆ ಬಿಟ್ರಿ?" ಅಂತಲ್ಲ. "ಲಾಂಡ್ರಿಯಲ್ಲಿ ನಿಮಗೆ ಯಾವ ದಿನ ಉದ್ದ ಅನಿಸ್ತಿತ್ತು?"

ನಾನು ಪಕ್ಕದಲ್ಲಿ ಕೂತು ಸ್ಪೀಕರಲ್ಲಿ ಕೇಳ್ತಿದ್ದೆ. ಸೆಖೆ ಅಂತಾರೆ, ಸಂಬಳ ಅಂತಾರೆ ಅಂದ್ಕೊಂಡಿದ್ದೆ. ಯಾರೂ ಹೇಳ್ಲಿಲ್ಲ. ಸೆಖೆ ಎಲ್ಲ ಕಡೆ ಉಂಟು, ಸಂಬಳ ಹೇಳಿದ ದಿನ ಬರ್ತದೆ, ಮನುಷ್ಯರು ಒಳ್ಳೆಯವರೇ. ಉದ್ದದ ದಿನ ಶುಕ್ರವಾರ.

ಯಾಕೆ ಅಂದ್ರೆ ಶನಿವಾರ ಬೆಳಿಗ್ಗೆ ಹೋಟೆಲುಗಳಿಗೆ ಚಾದರ ಹೋಗ್ಬೇಕು. ಹಾಗಾಗಿ ಶುಕ್ರವಾರ ಇಸ್ತ್ರಿ ಹಾಲಲ್ಲಿ ಯಾರಿಗೂ ರಜೆ ಇಲ್ಲ. ಒಬ್ಬನಿಗೆ ಸೋಮವಾರ, ಒಬ್ಬನಿಗೆ ಬುಧವಾರ, ಹೀಗೆ ರಜೆ ಹಂಚಿದ್ದಾರೆ. ಜುಮಾ ನಮಾಜಿಗೆ ಬಿಡ್ತಾರೆ, ಮತ್ತೆ ಇಸ್ತ್ರಿಗೆ. ದಮ್ಮಾಮಿನವ ಹೇಳಿದ, "ಮೇಡಂ, ಶುಕ್ರವಾರ ನಮ್ಮ ಊರಿನವರೆಲ್ಲ ಬತ್ಹಾ ಪೇಟೆಯಲ್ಲಿ ಸೇರ್ತಾರೆ. ನನ್ನ ಅಣ್ಣ ಅದೇ ರಿಯಾದಲ್ಲಿದ್ದ, ವರ್ಷದಲ್ಲಿ ಒಂದು ಸಲ ಕೂಡ ಅವನ ಮುಖ ನೋಡ್ಲಿಲ್ಲ. ಸೋಮವಾರ ರಜೆ ಕೊಟ್ರೆ ನಾನು ಯಾರ ಹತ್ರ ಮಾತಾಡುದು? ರೂಮಿನ ಗೋಡೆ ಹತ್ರವಾ?"

ಬತೂಲ್ ಆ ಮಾತನ್ನು ಎಲ್ಲೂ ಬರೆದುಕೊಳ್ಳಲಿಲ್ಲ ಸಾಹೇಬ್ರೆ. ಫೋನ್ ಇಟ್ಟು ಕಿಟಕಿ ಹತ್ರ ಹೋಗಿ ನಿಂತಳು. "ಅಂಕಲ್," ಅಂದಳು, "ಈಗ ನಾನು ಹದಿನೈದು ಜನ ಕಳಿಸಿದ್ರೆ ಮುಂದಿನ ವರ್ಷ ತಮೀಮ್ ಮತ್ತೆ ಹದಿನೈದು ಕೇಳ್ತಾರೆ." ನಾನು ಹೇಳಿದೆ, "ಅದಕ್ಕೇ ಅಲ್ವಾ ಮಗಾ ನಮ್ಮ ಆಫೀಸು ನಡಿಯುದು." ತಮಾಷೆಗೆ ಹೇಳಿದ್ದು. ಅವಳು ತಿರುಗಿ ನೋಡಿದ ರೀತಿ ನೋಡಿ ತಮಾಷೆ ಅಲ್ಲಿಗೇ ನಿಂತಿತು.

ಟ್ರಾಫಿಕ್ ಬಿಟ್ಟಿತು, ಹಿಂದಿನವ ಹಾರ್ನ್ ಹೊಡಿತಾನೆ.
ದೇಜಪ್ಪ

•

ರಿಯಾದ್
೩೦ ಅಕ್ಟೋಬರ್ ೨೦೨೫, ಗುರುವಾರ
ಧ್ವನಿ ಸಂದೇಶ

ಸಾಹೇಬ್ರೆ, ತಮೀಮ್ ನಿಮಗೆ ಫೋನ್ ಮಾಡುವ ಮೊದ್ಲು ನಾನು ಹೇಳ್ಬೇಕು. ಕೂತು ಕೇಳಿ.

ಇವತ್ತು ಬತೂಲ್ ಅವರ ಮುಂದೆ ಕೂತು ಹೇಳಿದಳು, ಶುಕ್ರವಾರ ಇಸ್ತ್ರಿ ಹಾಲಿನ ಅರ್ಧ ಜನಕ್ಕೆ ರಜೆ ಕೊಡಿ, ಮುಂದಿನ ಶುಕ್ರವಾರ ಉಳಿದರ್ಧಕ್ಕೆ, ಹೋಟೆಲಿನ ಚಾದರ ಸ್ವಲ್ಪ ಗುರುವಾರ ಸಂಜೆಯೇ ಮುಗಿಸಿ ಇಡಿ. ತಮೀಮ್ ಪೆನ್ನು ಮೇಜಿನ ಮೇಲೆ ಇಟ್ಟರು. "ನೀನು ಆಳು ಕೊಡುವವಳು. ನನ್ನ ಡ್ಯೂಟಿ ಬರೆಯುವವಳಲ್ಲ," ಅಂದರು.

"ಸರಿ," ಅಂದಳು ಬತೂಲ್. "ಡ್ಯೂಟಿ ನೀವೇ ಬರೀರಿ. ಆದ್ರೆ ಈಗಿನ ಹಾಗೇ ಇದ್ರೆ ನಾನು ಆಳು ಕೊಡುದಿಲ್ಲ. ಬಂದವರು ವರ್ಷಕ್ಕೆ ಮೊದ್ಲೇ ಬೇರೆ ಕಂಪನಿಗೆ ಟ್ರಾನ್ಸ್‌ಫರ್ ತಗೊಳ್ತಾರೆ. ಅವರಿಗೆ ಕಲಿಸಿ ಕಲಿಸಿ ನಿಮ್ಮ ಫೋರ್ಮನ್ ಸುಸ್ತು. ನಂಗೆ ಗೊತ್ತಿದ್ದೂ ಕಳಿಸಿದ್ರೆ ನಿಮಗೆ ಸುಳ್ಳು ಹೇಳಿದ ಹಾಗೆ."

"ನಿನ್ನ ತಂದೆ ಯಾವತ್ತೂ ಇಲ್ಲ ಅಂದವರಲ್ಲ."

"ಹೌದು. ಅದಕ್ಕೇ ನೀವು ಯಾವತ್ತೂ ಅವರ ಹತ್ರ ಸಲಹೆ ಕೇಳ್ಲಿಲ್ಲ, ಎಷ್ಟು ಜನ ಅಂತ ಮಾತ್ರ ಕೇಳಿದ್ರಿ."

ಸಾಹೇಬ್ರೆ, ಆ ಮಾತು ನಿಮ್ಮ ಬಗ್ಗೆ. ನಾನು ಬಿಟ್ಟು ಹೇಳಬಹುದಿತ್ತು, ಬಿಡ್ಲಿಲ್ಲ. ತಮೀಮ್ ಎದ್ದು ನಿಂತರು. ಬೇರೆ ಏಜೆನ್ಸಿ ನೋಡ್ತೇನೆ ಅಂದರು. ನಾವು ಇಳಿದು ಬಂದೆವು. ಕಾರಲ್ಲಿ ನೀರಿನ ಬಾಟ್ಲಿ ಕೊಟ್ಟೆ, ಕುಡಿಯದೆ ಮಡಿಲಲ್ಲಿ ಇಟ್ಟುಕೊಂಡಳು.

ಬೈಯುದಿದ್ರೆ ಮೊದ್ಲು ನನ್ನನ್ನು ಬೈಯಿರಿ.
ದೇಜಪ್ಪ

•

ಭಟ್ಕಳ
೨ ನವೆಂಬರ್ ೨೦೨೫

ದೇಜಪ್ಪ,

ತಮೀಮ್ ಫೋನ್ ಮಾಡಿದ್ದ. ಜೈನಬಾ ಬೇಡವೆಂದರೂ ಮಾತನಾಡಿದೆ. ಅವನ ತಂದೆ ಆಸ್ಪತ್ರೆಯಲ್ಲಿದ್ದಾಗ ಹೊರಗಿನ ಬೆಂಚಿನ ಮೇಲೆ ಕುಳಿತವನು ನಾನು. ಅವನ ಮದುವೆಗೆ ಜಿದ್ದಾದಿಂದ ಬಸ್ಸಿನಲ್ಲಿ ಹೋದವನು ನಾನು. ಅಂಥ ಮನೆಯ ಬಾಗಿಲನ್ನು ನನ್ನ ಮಗಳು ಒಂದು ಮಾತಿನಲ್ಲಿ ಮುಚ್ಚಿಬಿಟ್ಟಳು.

ಸಂಬಂಧ ಎಂದರೆ ಗಿರಾಕಿಗೆ ಬುದ್ಧಿ ಹೇಳುವುದಲ್ಲ. ಅವನು ಕೇಳುವ ಮೊದಲೇ ಅವನ ಬಾಗಿಲಲ್ಲಿ ಇರುವುದು. ಇದನ್ನು ಅವಳು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ.

ನಾಳೆಯಿಂದ ಲಾಂಡ್ರಿ ಕೆಲಸ ನಿನ್ನದು. ಹದಿನೈದು ಜನರ ಕಾಗದ ನೀನೇ ಕಳಿಸು. ಬತೂಲ್ ಅದನ್ನು ಮುಟ್ಟಬಾರದು. ಅವಳ ಜೊತೆ ಸದ್ಯಕ್ಕೆ ನಾನು ಮಾತನಾಡುವುದಿಲ್ಲ. ರಮ್ಜಾನಿನೊಳಗೆ ಲಾಂಡ್ರಿ ಮರಳಿ ಬರದಿದ್ದರೆ ಜಿದ್ದಾದವರಿಗೆ ಹೂಂ ಎನ್ನುತ್ತೇನೆ.

ಸಾದುಲ್ಲಾ

•

ರಿಯಾದ್
೫ ನವೆಂಬರ್ ೨೦೨೫, ಬುಧವಾರ
ಧ್ವನಿ ಸಂದೇಶ

ಸಾಹೇಬ್ರೆ, ಎರಡು ದಿನ ಕಾಗದಗಳನ್ನು ಮುಂದೆ ಇಟ್ಟು ಕೂತೆ. ಕಳಿಸುದು ಅಂದ್ರೆ ಒಂದು ಬಟನ್ ಒತ್ತುದು ಅಷ್ಟೇ. ಒತ್ತಲಿಲ್ಲ.

ಜಿದ್ದಾದಲ್ಲಿ ಶರಫಿಯಾದ ಹಳೇ ಆಫೀಸಲ್ಲಿ ನಾನು ಟೀ ತರ್ಲಿಕ್ಕೆ ಅಂತ ಸೇರಿದವ. ನೀವು ಹೇಳಿದ ಯಾವ ಮಾತಿಗೂ ಎದುರಾಡಿದವ ಅಲ್ಲ. ಈ ಐವತ್ತರಲ್ಲಿ ಮೊದಲ ಸಲ ಆಗುದಿಲ್ಲ ಅಂತಿದ್ದೇನೆ. ಊರಲ್ಲಿ ಹೆಂಡತಿ ನಳಿನಾಕ್ಷಿಗೆ ಫೋನಲ್ಲಿ ಹೇಳಿದೆ, ಕೆಲಸ ಹೋದ್ರೂ ಹೋದೀತು ಅಂತ. "ಆ ಹುಡುಗಿ ಹೇಳಿದ್ದು ಸರಿಯಾ ತಪ್ಪಾ?" ಅಂತ ಕೇಳಿದಳು. ಸರಿ ಅಂದೆ. "ಮತ್ತೆ ನಂಗೆ ಯಾಕೆ ಫೋನ್ ಮಾಡಿದ್ದು?" ಅಂದಳು. ಅವಳ ಹತ್ರ ಉದ್ದ ಮಾತಾಡ್ಲಿಕ್ಕೆ ಆಗುದಿಲ್ಲ, ನಿಮಗೆ ಗೊತ್ತುಂಟಲ್ಲ.

ನೀವು ಬರೆದಿದ್ದೀರಿ, ಅವನು ಕೇಳುವ ಮೊದ್ಲೇ ಅವನ ಬಾಗಿಲಲ್ಲಿ ಇರುದು ಸಂಬಂಧ ಅಂತ. ನಾನು ಅದನ್ನೇ ಓದಿ ಓದಿ ನೋಡಿದೆ. ಬತೂಲ್ ಎಂತ ಮಾಡಿದಳು? ತಮೀಮ್ ಕೇಳದ ವಿಷಯ ಹುಡುಕಿ ಅವರ ಬಾಗಿಲಿಗೆ ತಗೊಂಡು ಹೋದಳು. ನಿಮ್ಮ ಕೈಯಲ್ಲಿ ಹಲ್ವ ಇತ್ತು, ಅವಳ ಕೈಯಲ್ಲಿ ಕಹಿ ಇತ್ತು, ಅಷ್ಟೇ ವ್ಯತ್ಯಾಸ.

ಆಫೀಸಿನ ಚಾವಿ ಮೇಜಿನ ಡ್ರಾವರಲ್ಲಿ ಉಂಟು. ನನ್ನನ್ನು ತೆಗೆಯುದಿದ್ರೆ ಹೇಳಿ, ಬೇಜಾರು ಮಾಡ್ಕೊಳ್ಳುದಿಲ್ಲ. ಸುಳ್ಳು, ಮಾಡ್ಕೊಳ್ತೇನೆ.

ನಿಮ್ಮ ಅನ್ನ ತಿಂದವ,
ದೇಜಪ್ಪ

•

ಭಟ್ಕಳ
೧ ಡಿಸೆಂಬರ್ ೨೦೨೫

ದೇಜಪ್ಪಣ್ಣನಿಗೆ ಜೈನಬಾ ಮಾಡುವ ಸಲಾಂ.

ಇವರು ನಿಮಗೆ ಉತ್ತರ ಬರೆದಿಲ್ಲವೆಂದು ಹೆದರಬೇಡಿ. ನಿಮ್ಮ ಧ್ವನಿಯನ್ನು ನಾನು ಒಂದು ಸಲ ಹಾಕುತ್ತೇನೆ. ನಾನು ಅಡುಗೆಮನೆಗೆ ಹೋದ ಮೇಲೆ ಅವರೇ ಇನ್ನೊಂದು ಸಲ ಹಾಕಿಕೊಂಡು ಕೇಳುತ್ತಾರೆ. ಬತೂಲ್ ಮಾತನಾಡಿದ ಜಾಗ ಬಂದಾಗ ಹಿಂದಕ್ಕೆ ಹೋಗಿ ಮತ್ತೆ ಕೇಳುತ್ತಾರೆ. ಬೈಯುತ್ತಲೇ ಕೇಳುತ್ತಾರೆ.

ಇದನ್ನು ನಾನು ಹೇಳಿದೆನೆಂದು ಹೇಳಬೇಡಿ. ಕಳಿಸುವುದನ್ನು ನಿಲ್ಲಿಸಬೇಡಿ.

ಜೈನಬಾ

•

ರಿಯಾದ್
೧೮ ಡಿಸೆಂಬರ್ ೨೦೨೫, ಗುರುವಾರ
ಧ್ವನಿ ಸಂದೇಶ

ಸಾಹೇಬ್ರೆ, ಇಲ್ಲಿ ಈಗ ಒಳ್ಳೆ ಚಳಿ. ನೀವು ಉತ್ತರ ಕೊಡದಿದ್ರೂ ನನ್ನ ಬಾಯಿ ನಿಲ್ಲುದಿಲ್ಲ.

ಲಾಂಡ್ರಿಯಿಂದ ಒಂದು ಮಾತಿಲ್ಲ. ಬೇರೆ ಏಜೆನ್ಸಿಗೆ ಆರ್ಡರ್ ಕೊಟ್ಟಿದ್ದಾರಂತೆ. ಬತೂಲ್ ದಿನಾ ಸೋದರಮಾವ ಮಿಸ್ಬಾಹ್‌ನ ಮನೆಯಿಂದ ಮೆಟ್ರೋದಲ್ಲಿ ಬರ್ತಾಳೆ, ಸಣ್ಣ ಸಣ್ಣ ಕಂಪನಿಗಳ ಮೆಟ್ಟಿಲು ಹತ್ತಿ ಇಳಿದು ಮಾಡ್ತಾಳೆ. ನಿಮ್ಮ ಸುದ್ದಿ ಕೇಳುದಿಲ್ಲ. "ಅಬ್ಬಾ ಮಾತ್ರೆ ತಗೊಳ್ತಾರಂತಾ?" ಅಂತ ಮಾತ್ರ ಕೇಳ್ತಾಳೆ, ಅದೂ ಬೇರೆ ಎಲ್ಲೋ ನೋಡ್ತಾ.

ಆದ್ರೆ ಒಂದು ವಿಷಯ ಆಯ್ತು. ಸೋಮವಾರ ಲಾಂಡ್ರಿಯ ಫೋರ್ಮನ್ ನಂಗೆ ಫೋನ್ ಮಾಡಿದ, ತಮೀಮ್‌ಗೆ ಗೊತ್ತಿಲ್ಲದ ಹಾಗೆ. ಅವರ ಬಾಯ್ಲರ್ ನೋಡುವವನ ತಾಯಿ ತೀರಿಕೊಂಡರಂತೆ, ಅವನು ಅದೇ ದಿನ ಊರಿಗೆ ಹೋದ. ಇನ್ನೊಬ್ಬನಿಗೆ ಜ್ವರ. ಬಾಯ್ಲರ್ ಇಲ್ಲದಿದ್ರೆ ಸ್ಟೀಮ್ ಇಲ್ಲ, ಸ್ಟೀಮ್ ಇಲ್ಲದಿದ್ರೆ ಆಸ್ಪತ್ರೆಗೆ ಚಾದರ ಇಲ್ಲ. ನಾನು ಹೇಳಿದೆ, ಈಗ ನೀವು ನಮ್ಮ ಗಿರಾಕಿ ಅಲ್ಲವಲ್ಲ ಮಾರಾಯ, ಹೊಸ ಏಜೆನ್ಸಿಗೆ ಫೋನ್ ಮಾಡು. ಬತೂಲ್ ನನ್ನ ಕೈಯಿಂದ ಫೋನ್ ತಗೊಂಡಳು.

ನಮ್ಮ ಹತ್ರ ಆಳು ತಗೊಳ್ಳುವ ಬಿಸ್ಕೆಟ್ ಫ್ಯಾಕ್ಟರಿಯವರು ಉಂಟಲ್ಲ, ಅಲ್ಲಿನ ಮ್ಯಾನೇಜರಮ್ಮನಿಗೆ ಫೋನ್ ಮಾಡಿದಳು. ನಿಮ್ಮಲ್ಲಿ ಮೂವರು ಬಾಯ್ಲರಿನವರಿದ್ದಾರೆ, ಒಬ್ಬನನ್ನು ಸ್ವಲ್ಪ ದಿನ ಪರ್ಮಿಟ್ ಮಾಡಿ ಎರವಲು ಕೊಡಿ, ನಿಮಗೆ ಬೇಕಾದಾಗ ನಾನಿದ್ದೇನೆ ಅಂದಳು. ಆಯಮ್ಮ ಮಾರನೇ ದಿನ ಕಳಿಸಿದರು. ನಾನು ಕೇಳಿದೆ, "ಜಗಳ ಮಾಡಿದವರಿಗೆ ಯಾಕೆ ಇಷ್ಟು ಮಾಡುದು ಮಗಾ?"

"ಬಾಯ್ಲರ್‌ಗೆ ಗೊತ್ತುಂಟಾ ಅಂಕಲ್, ನಾವು ಜಗಳ ಮಾಡಿದ್ದು?" ಅಂದಳು.

ಸಾಹೇಬ್ರೆ, ನನಗೆ ಆಗ ಎಂತ ನೆನಪಾಯ್ತು ಗೊತ್ತಾ. ಆಸ್ಪತ್ರೆಯ ಹೊರಗಿನ ಬೆಂಚು. ನೀವು ಆ ಬೆಂಚಲ್ಲಿ ಕೂತಾಗಲೂ ಲಾಂಡ್ರಿಯವರು ನಮ್ಮ ಹತ್ರ ಆಳು ತಗೊಳ್ಳುದು ನಿಲ್ಲಿಸಿದ್ದರು, ನೆನಪುಂಟಾ? ಆದ್ರೂ ನೀವು ಕೂತಿರಿ. ನಾನು ನಿಮಗೆ ಊಟ ತಂದು ಕೊಟ್ಟವ, ನಾನು ಮರೆತಿಲ್ಲ. ಅವಳಿಗೆ ಈ ಕಥೆ ಯಾರೂ ಹೇಳಿಲ್ಲ. ಹೇಳದೆಯೂ ಅವಳಿಗೆ ಅದು ಬಂತಲ್ಲ, ಎಲ್ಲಿಂದ ಬಂತು?

ಬೆಚ್ಚಗೆ ಇರಿ.
ದೇಜಪ್ಪ

•

ರಿಯಾದ್
೧೫ ಜನವರಿ ೨೦೨೬, ಗುರುವಾರ
ಧ್ವನಿ ಸಂದೇಶ

ಸಾಹೇಬ್ರೆ, ಇವತ್ತು ತಮೀಮ್ ನಮ್ಮ ಆಫೀಸಿಗೆ ಬಂದರು.

ನಾವು ಅವರಲ್ಲಿಗೆ ಹೋಗುದಲ್ಲ, ಅವರು ನಮ್ಮಲ್ಲಿಗೆ. ಫೋನಿಲ್ಲ, ಸುದ್ದಿ ಇಲ್ಲ. ನಾನು ಮೇಜಲ್ಲಿ ಅವಲಕ್ಕಿ ತಿಂತಾ ಇದ್ದೆ. ಬಾಗಿಲು ತೆಗೆದು ಒಳಗೆ ಬಂದು ನಿಂತರು, ನಮ್ಮ ಎರಡು ಕುರ್ಚಿಯ ಆಫೀಸು ನೋಡಿದರು. "ಅಮ್ಮು ಸಾದುಲ್ಲಾ ಇಲ್ಲೇ ಕೂರ್ತಿದ್ದದ್ದಾ?" ಅಂತ ಕೇಳಿದರು, ನಿಮ್ಮನ್ನು ಈಗಲೂ ಅಮ್ಮು, ಚಿಕ್ಕಪ್ಪ, ಅಂತಲೇ ಹೇಳುದು. ಹೌದು ಅಂದೆ. ಅದೇ ಕುರ್ಚಿಯಲ್ಲಿ ಕೂತರು. ಅವಲಕ್ಕಿ ಕೊಟ್ಟೆ, ಬೇಡ ಅನ್ನದೆ ತಿಂದರು.

ಮತ್ತೆ ಒಂದು ಕಟ್ಟು ಕಾಗದ ತೆಗೆದು ಬತೂಲ್ ಮುಂದೆ ಹರಡಿದರು. ಹೊಸ ಏಜೆನ್ಸಿಯ ಬಯೋಡಾಟ. ಎಲ್ಲರಿಗೂ ಒಂದೇ ಕೋಟು. "ಇವರದ್ದು ನೀಲಿ," ಅಂದರು. ಅವಳು ತುಟಿ ಕಚ್ಚಿ ನಗು ತಡೆದಳು. ನನಗೆ ಆಗ್ಲಿಲ್ಲ.

ನಿಧಾನವಾಗಿ ಹೇಳಿದರು. ಹೊಸ ಏಜೆನ್ಸಿಯ ಜನ ಬರ್ಲಿಕ್ಕೆ ತಡ ಆಯ್ತು. ಇರುವವರೂ ಬಿಟ್ಟು ಹೋದ್ರೆ ಇಸ್ತ್ರಿ ಕೆಲಸವೇ ನಿಲ್ತದೆ ಅಂತ ಹೆದರಿ ಡಿಸೆಂಬರ್ ಶುರುವಿನಲ್ಲೇ ಅರ್ಧರ್ಧ ಶುಕ್ರವಾರ ಮಾಡಿ ನೋಡಿದರಂತೆ. ಬತೂಲ್ ಹೇಳಿದಳು ಅಂತ ಅಲ್ಲ, ಬೇರೆ ದಾರಿ ಇರ್ಲಿಲ್ಲ ಅಂತ. ಮೊದಲ ಶುಕ್ರವಾರ ಚಾದರ ಸ್ವಲ್ಪ ತಡ ಆಯ್ತು, ಒಂದು ಹೋಟೆಲಿನವರು ಬೈದರು. ಎರಡನೇ ಶುಕ್ರವಾರಕ್ಕೆ ಇಸ್ತ್ರಿಯವರೇ ಗುರುವಾರ ಒಂದಿಷ್ಟು ಜಾಸ್ತಿ ಹೊತ್ತು ನಿಂತು ಮುಗಿಸಿದರು. ಅಲ್ಲಿಂದ ಇಲ್ಲಿಯವರೆಗೆ ಇಸ್ತ್ರಿ ಹಾಲಿಂದ ಒಬ್ಬನೂ ಟ್ರಾನ್ಸ್‌ಫರ್ ಕೇಳಿಲ್ಲ. "ಒಬ್ಬ ಬತ್ಹಾದಿಂದ ನಂಗೆ ಮಿಠಾಯಿ ತಂದುಕೊಟ್ಟ," ಅಂದರು. "ನನ್ನ ಇಸ್ತ್ರಿಯವ ನಂಗೆ ಮಿಠಾಯಿ ಕೊಟ್ಟದ್ದು ಇದೇ ಮೊದಲು."

ಬಾಯ್ಲರ್ ವಿಷಯ ಫೋರ್ಮನ್ ಮುಚ್ಚಿಟ್ಟಿದ್ದ, ಆದ್ರೆ ಅವರಿಗೆ ಗೊತ್ತಾಗಿದೆ. ಅದರ ಬಗ್ಗೆ ಏನೂ ಹೇಳ್ಲಿಲ್ಲ. ಎದ್ದು ಹೊರಡುವಾಗ ಬಾಗಿಲ ಹತ್ರ ನಿಂತರು. ಸಾಹೇಬ್ರೆ, ನಿಮ್ಮ ಹಾಗೇ, ಬಾಗಿಲ ಹತ್ರ. "ನಂಗೆ ಈಗ ಹದಿನೈದು ಜನ ಬೇಡ," ಅಂದರು. "ನಾಲ್ಕು ಸಾಕು. ನೀಲಿ ಕೋಟಿನವರಿಗೆ ಬೇಡ ಅಂತ ಹೇಳಿ ಆಯ್ತು. ಇಂಟರ್ವ್ಯೂ ದಿನ ನೀನು ನನ್ನ ಕಡೆ ಕೂರ್ಬೇಕು. ಮೇಜಿನ ನನ್ನ ಕಡೆ."

ಅವಳು ಸರಿ ಅಂದಳು. ಅವರು ಹೋದ ಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಬಹಳ ಹೊತ್ತು ನಿಂತಳು. ನಾನು ಅವಲಕ್ಕಿ ತಟ್ಟೆ ತೊಳಿಬೇಕಿತ್ತು, ಕಾದೆ.

ಖುಷಿಯಲ್ಲಿ ಮಾತು ತಪ್ಪುತ್ತದೆ, ಇಲ್ಲಿಗೆ ಬಿಡ್ತೇನೆ.
ದೇಜಪ್ಪ

•

ಭಟ್ಕಳ
೧೭ ಜನವರಿ ೨೦೨೬

ದೇಜಪ್ಪ,

ಹದಿನೈದು ಹೋಗಿ ನಾಲ್ಕು. ಒಳ್ಳೆಯ ವ್ಯಾಪಾರ ಕಲಿತಿದ್ದೀರಿ ಇಬ್ಬರೂ.

ತಮೀಮನ ಮೇಜು ಕಿಟಕಿಯ ಪಕ್ಕದಲ್ಲಿಯೇ ಇದೆಯೇ? ಅವನ ತಂದೆಯ ಕಾಲದಲ್ಲಿ ಆ ಕಡೆ ಒಂದೇ ಕುರ್ಚಿ ಇತ್ತು. ಇಂಟರ್ವ್ಯೂ ನಡೆಯುವಾಗ ನಾನು ಬಾಗಿಲ ಬಳಿ ನಿಂತಿರುತ್ತಿದ್ದೆ, ಕರೆದಾಗ ಕಾಗದ ಕೊಡಲು. ಅವರು ಕೂರು ಎನ್ನುತ್ತಿದ್ದರು. ನಾನು ಕೂರುತ್ತಿರಲಿಲ್ಲ. ಎಲ್ಲಿ ಕೂರುವುದೆಂದು ತಿಳಿಯುತ್ತಿರಲಿಲ್ಲ.

ಬತೂಲ್‌ಗೆ ಕುರ್ಚಿ ತಂದಿಡುವವರು ಯಾರು ಎಂಬುದನ್ನು ನೋಡಿ ಹೇಳು.

ನಾಲ್ವರನ್ನು ನಾನೇ ಆರಿಸುತ್ತೇನೆ. ನೋಡಿದ ಜನ ಇದ್ದಾರೆ.

ಸಾದುಲ್ಲಾ

•

ರಿಯಾದ್
೫ ಫೆಬ್ರವರಿ ೨೦೨೬, ಗುರುವಾರ
ಧ್ವನಿ ಸಂದೇಶ

ಸಾಹೇಬ್ರೆ, ನಿಮಗೆ ನಾನು ಹೇಳ್ಬೇಕಾದ್ದು ಎಂತ ಉಂಟು, ಇವತ್ತಿನ ವಿಡಿಯೋ ಇಂಟರ್ವ್ಯೂನಲ್ಲಿ ನೀವೇ ಇದ್ರಿ. ಆದ್ರೂ ಆ ಕಡೆಯಿಂದ ನಿಮಗೆ ಕಂಡದ್ದು ಬೇರೆ, ಈ ಕಡೆ ನನಗೆ ಕಂಡದ್ದು ಬೇರೆ. ಜೈನಬಕ್ಕನೂ ಕೇಳ್ತಾರೆ, ಅದಕ್ಕೆ ಹೇಳ್ತೇನೆ.

ಕುರ್ಚಿ ತಂದದ್ದು ತಮೀಮ್. ಆಫೀಸ್ ಬಾಯ್ ಓಡಿ ಬಂದ, ಅವನನ್ನು ತಡೆದು ಹೊರಗಿನ ಕೋಣೆಯಿಂದ ತಾವೇ ಎತ್ತಿಕೊಂಡು ಬಂದು ತಮ್ಮ ಪಕ್ಕದಲ್ಲಿ ಇಟ್ಟರು. ಮೇಜು ಕಿಟಕಿಯ ಪಕ್ಕದಲ್ಲೇ ಉಂಟು. ನಾನು ಬಾಗಿಲ ಹತ್ರ ನಿಂತೆ. ಅಭ್ಯಾಸ.

ಗೋಡೆಯ ದೊಡ್ಡ ಟಿವಿಯಲ್ಲಿ ಭಟ್ಕಳ ಬಂತು. ನಾಲ್ಕನೆಯವ ಬರುವವರೆಗೆ ಎಲ್ಲ ಸರಿ ನಡೀತು. ಎಲ್ಲರೂ ಅವರವರ ಅಂಗಿಯಲ್ಲೇ ಬಂದಿದ್ದರು. ಒಬ್ಬನ ಅಂಗಿಯ ತೋಳಲ್ಲಿ ಇಸ್ತ್ರಿಯ ಸುಟ್ಟ ಗುರುತಿತ್ತು, ಅದನ್ನು ನೋಡಿ ತಮೀಮ್ 'ಇವನಿಗೆ ಕೆಲಸ ಗೊತ್ತುಂಟು' ಅಂದರು. ಬತೂಲ್ ಎಲ್ಲರಿಗೂ ಮೊದಲೇ ಹೇಳಿದಳು, ಇಸ್ತ್ರಿ ಹಾಲಲ್ಲಿ ಸೆಖೆ ಹೇಗೆ, ರೂಮಲ್ಲಿ ಎಷ್ಟು ಜನ, ಶುಕ್ರವಾರ ರಜೆ ಎರಡು ವಾರಕ್ಕೊಮ್ಮೆ ಮಾತ್ರ. ಹಾಗೆ ಹೇಳಿ ಹೆದರಿಸಿದ್ರೆ ಯಾರು ಬರ್ತಾರೆ ಅಂತ ನಾನು ಅಂದ್ಕೊಂಡೆ. ನಾಲ್ವರೂ ಬರ್ತೇವೆ ಅಂದರು. ಹೇಳ್ಬೇಕಾದ್ದನ್ನೆಲ್ಲ ಅವರಿಗೆ ನೀವು ಮೊದಲೇ ಹೇಳಿದ್ದೀರಿ ಅಂತ ಆಗ ಗೊತ್ತಾಯ್ತು.

ಆ ನಾಲ್ಕನೆಯವನ ಹಿಂದೆ, ಚಿತ್ರದ ಅಂಚಲ್ಲಿ, ಒಂದು ಕಪ್ಪು ತೋಳು ಕಾಣ್ತಿತ್ತು. ತಮೀಮ್ ನೋಡಿದರು. "ಅಲ್ಲಿ ಯಾರು ನಿಂತದ್ದು?" ಅಂತ ಕೇಳಿದರು. "ಅಮ್ಮು ಸಾದುಲ್ಲಾ," ಅಂತ ದೊಡ್ಡದಾಗಿ ಕರೆದರು, "ನಿಮ್ಮ ಮಗಳು ಇಲ್ಲಿ ಕೂತಿದ್ದಾಳೆ. ನೀವು ಅಲ್ಲಿ ಯಾಕೆ ನಿಂತಿದ್ದೀರಿ? ಬಂದು ಕೂತ್ಕೊಳ್ಳಿ."

ನೀವು ಬಂದ್ರಿ. ಆ ಕೋಟು ಹಾಕಿಕೊಂಡು. ಜೇಬಲ್ಲಿ ಪೆನ್ನು.

ಸಾಹೇಬ್ರೆ, ನಗುವುದಾ ಅಳುವುದಾ ಗೊತ್ತಾಗದೆ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಹೊಟ್ಟೆಯ ಹತ್ರ ಗುಂಡಿ ಹಾಕ್ಲಿಕ್ಕೆ ಬರ್ತಿರ್ಲಿಲ್ಲ, ಭುಜ ಈಗಲೂ ಸರಿ ಕೂತಿತ್ತು. ತಮೀಮ್ ಕುರ್ಚಿಯಿಂದ ಅರ್ಧ ಎದ್ದರು. "ಇದೇನಾ ಅದು?" ಅಂದರು ಬತೂಲ್ ಹತ್ರ. "ಇದೇ. ಪೆನ್ನೂ ಇವರದ್ದೇ," ಅಂದಳು ಅವಳು. ಅವರು ಪೂರ್ತಿ ಎದ್ದು ನಿಂತು ಎದೆಯ ಮೇಲೆ ಕೈ ಇಟ್ಟು ನಿಮಗೆ ಸಲಾಂ ಹೇಳಿದರು. ತಮಾಷೆಗೆ ಅಲ್ಲ.

ಅಷ್ಟು ತಿಂಗಳು ನಿಮ್ಮ ಹತ್ರ 'ಅಬ್ಬಾ' ಅನ್ನದ ಹುಡುಗಿ ಟಿವಿ ಕಡೆಗೆ ಬಗ್ಗಿದಳು.

"ಅಬ್ಬಾ, ಸ್ವಲ್ಪ ಎಡಕ್ಕೆ ಬನ್ನಿ," ಅಂದಳು. "ಮುಖಕ್ಕೆ ಬೆಳಕು ಬೀಳ್ತಿಲ್ಲ."

ನೀವು ಎಡಕ್ಕೆ ಸರಿದ್ರಿ. ಕುರ್ಚಿ ಕಿರ್ ಅಂದದ್ದು ರಿಯಾದಿಗೆ ಕೇಳಿತು.

ಇವತ್ತು ನಾನು ಹೇಳುದು ಇಷ್ಟೇ. ಮೊದಲ ಸಲ ಇಷ್ಟಕ್ಕೇ ನಿಲ್ಲಿಸ್ತಿದ್ದೇನೆ.
ದೇಜಪ್ಪ

•

ಭಟ್ಕಳ
೬ ಫೆಬ್ರವರಿ ೨೦೨೬, ಶುಕ್ರವಾರ

ಪ್ರಿಯ ದೇಜಪ್ಪ,

ಜಿದ್ದಾದವರಿಗೆ ಬೇಡವೆಂದು ಹೇಳಿದೆ.

ಈಗ ಜುಮಾ ಮುಗಿಸಿ ಬಂದು ಬತೂಲ್‌ಗೆ ಫೋನ್ ಮಾಡಿದೆ. ಡಾಕ್ಟರು ಹೇಳಿದ್ದು ವ್ಯವಹಾರ ಮಾತನಾಡಬಾರದು ಎಂದು. ಮಗಳ ಜೊತೆ ಮಾತನಾಡಬಾರದು ಎಂದಲ್ಲ. ಬಿಟ್ಟು ಹೋದವರಿಗೆ ಅವಳು ಕೇಳಿದ ಪ್ರಶ್ನೆಯನ್ನು ನಾನು ಅವಳಿಗೇ ಕೇಳಿದೆ, ಯಾವ ದಿನ ಉದ್ದ ಅನಿಸುತ್ತಿತ್ತು ಎಂದು. ಅವಳು ಹೇಳಿದಳು. ಅದು ನಮ್ಮಿಬ್ಬರ ನಡುವೆ ಇರಲಿ.

ಕೋಟನ್ನು ಜೈನಬಾ ಒಗೆಯಲು ಕೇಳುತ್ತಿದ್ದಾಳೆ, ಕೊಟ್ಟಿಲ್ಲ. ಗುಲಾಮ್ ಮುಹಮ್ಮದನಿಗೆ ಹೇಳಿ ಬಂದಿದ್ದೇನೆ, ಇನ್ನು ಬಯೋಡಾಟಕ್ಕೆ ಅವರವರ ಅಂಗಿ, ತಾಯಂದಿರಿಗೆ ಕೊಡುವ ಪ್ರತಿಗೆ ಕೋಟು.

ಇನ್ನು ಮುಂದೆ ಬತೂಲ್ ಬಗ್ಗೆ ನೀನು ನನಗೆ ವರದಿ ಕೊಡಬೇಕಾಗಿಲ್ಲ. ಧ್ವನಿ ಕಳಿಸುವುದನ್ನು ಮಾತ್ರ ನಿಲ್ಲಿಸಬೇಡ. ಅಸರ್ ಆದ ಮೇಲೆ ಮನೆ ಬಹಳ ಸುಮ್ಮನಿರುತ್ತದೆ.

ಮತ್ತೆ, ಇನ್ನೊಂದು ಸಲ ಆ ಬಾಗಿಲ ಬಳಿ ನಿಲ್ಲಬೇಡ. ಕುರ್ಚಿ ಕೇಳು.

ನಿನ್ನ
ಸಾದುಲ್ಲಾ